ಕೊಡದ ರಜೆಗೂ ಒಂದು ಕಾಲಂ

ನಮ್ಮ ಕಡೆ ರಜೆಗೆ ಎರಡು ಮಾತುಗಳಿವೆ. ಕಚೇರಿಯ ಅರ್ಜಿಯಲ್ಲಿ ಬರೆಯುವುದು 'ರಜಾ', ಮನೆಯಲ್ಲಿ ಆಡುವುದು 'ಸೂಟಿ'. ಎರಡೂ ಹೊರಗಿನಿಂದ ಬಂದವೇ. ರಜಾ ಅರಬ್ಬಿ ಮೂಲದ್ದು, ಪಾರಸಿ ದರ್ಬಾರುಗಳನ್ನು ದಾಟಿ ಬಂದದ್ದು. ಅದರ ಮೂಲ ಅರ್ಥ ಒಪ್ಪಿಗೆ, ಅಂದರೆ ಮೇಲಿನವರ ಸಮ್ಮತಿ. ಸೂಟಿ ಮರಾಠಿ, ಉರ್ದುಗಳ ನಂಟಿನ ಪದ, ಬಿಡುಗಡೆ ಎಂದು ಅದರರ್ಥ. ಒಂದರಲ್ಲಿ ರಜೆ ಕೊಡುವವರು ಕಾಣುತ್ತಾರೆ, ಇನ್ನೊಂದರಲ್ಲಿ ಪಡೆಯುವವರು.

ದವಾಖಾನೆಗಳಲ್ಲಿ ದುಡಿಯುವ ನರ್ಸ್‌ಗಳ ರಜೆಯ ಇತಿಹಾಸವನ್ನು ಈ ಎರಡು ಪದಗಳ ಜಗಳವೆಂದೇ ಓದಬಹುದು. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಯಾವ ವಾರ್ಡಿಗೆ ಹೋದರೂ ಕೇಳುವ ದೂರು ಒಂದೇ: 'ಜನ ಇಲ್ಲ, ರಜೆ ಇಲ್ಲ.' ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಅವಳಿಗೆ ಕೊಟ್ಟರು, ನನಗೆ ಕೊಡಲಿಲ್ಲ.' ಮೊದಲನೆಯದು ಸರ್ಕಾರದ ಮೇಲಿನ ದೂರು, ಎರಡನೆಯದು ಜೊತೆಗಾರ್ತಿಯ ಮೇಲಿನದು. ಮೊದಲ ದೂರು ಎರಡನೆಯದಾಗಿ ಬದಲಾದದ್ದು ಹೇಗೆ? ಅದನ್ನು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು. ದಾರಿಯಲ್ಲಿ ದೇವಸುಗೂರಿನ ಚಿಮಣಿಗಳ ಕೆಳಗೂ ಒಮ್ಮೆ ನಿಲ್ಲಬೇಕು.

ದೊರೆಯ ಒಪ್ಪಿಗೆ

ಬ್ರಿಟಿಷ್ ಇಂಡಿಯಾದ ಸರ್ಕಾರಿ ನೌಕರರಿಗೆ 1922ರ ಜನವರಿ 1ರಿಂದ 'ಮೂಲಭೂತ ನಿಯಮಗಳು' ಜಾರಿಗೆ ಬಂದವು. ಅವುಗಳಲ್ಲಿ 67ನೆಯ ನಿಯಮ ಬಹಳ ಚಿಕ್ಕದು, ಆದರೆ ಇಂದಿಗೂ ಜೀವಂತ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಸಾರ್ವಜನಿಕ ಸೇವೆಗೆ ಅಗತ್ಯವಿದ್ದರೆ ಯಾವ ರಜೆಯನ್ನಾದರೂ ನಿರಾಕರಿಸುವ, ಕೊಟ್ಟದ್ದನ್ನೂ ರದ್ದು ಮಾಡುವ ವಿವೇಚನೆ ಮಂಜೂರು ಮಾಡುವ ಅಧಿಕಾರಿಗೆ ಇದೆ. ಇದಿಷ್ಟೇ ಅದರ ಸಾರ.

ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಸೇವಾ ನಿಯಮಗಳಿದ್ದವು, ಆಡಳಿತದ ಭಾಷೆ ಉರ್ದು. ಉರ್ದುವಿನಲ್ಲಿ ರಜೆಗಿರುವ 'ರುಖ್ಸತ್' ಎಂಬ ಪದಕ್ಕೂ ಹೊರಡಲು ಅಪ್ಪಣೆ ಎಂಬ ಅರ್ಥವೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1958ರ ಮಾರ್ಚ್ 1ರಿಂದ ಹೊಸ ರಾಜ್ಯದ ನಾಗರಿಕ ಸೇವಾ ನಿಯಮಗಳು ಜಾರಿಯಾದವು, ಇಂದು ಕೆಸಿಎಸ್‌ಆರ್ ಎಂದು ಎಲ್ಲ ಕಚೇರಿಗಳಲ್ಲಿ ಕರೆಯುವುದು ಅವನ್ನೇ. ಬ್ರಿಟಿಷರ, ನಿಜಾಮರ, ಮೈಸೂರಿನ ಆಡಳಿತಗಳು ಬೇರೆಬೇರೆ ಇದ್ದರೂ ರಜೆಯ ವಿಷಯದಲ್ಲಿ ಹೊಸ ರಾಜ್ಯ ಹಿಡಿದದ್ದು ಹಳೆಯ ದಾರಿಯನ್ನೇ: ರಜೆ ಹಕ್ಕಲ್ಲ.

ಕಂದಾಯ ಕಚೇರಿಯ ಗುಮಾಸ್ತರಿಗೆ ಈ ನಿಯಮ ಅಷ್ಟಾಗಿ ನೋಯಿಸುವುದಿಲ್ಲ. ಅವರು ಒಂದು ವಾರ ಊರಿಗೆ ಹೋದರೆ ಫೈಲು ಒಂದು ವಾರ ಮೇಜಿನ ಮೇಲಿರುತ್ತದೆ, ತಿರುಗಿ ಬಂದು ಮುಗಿಸಬಹುದು. ಹೆರಿಗೆ ವಾರ್ಡಿನಲ್ಲಿ ಹಾಗಾಗದು. ರಾತ್ರಿ ಎರಡಕ್ಕೆ ಬರುವ ನೋವು ಸೋಮವಾರದವರೆಗೆ ಕಾಯುವುದಿಲ್ಲ. ಹೀಗಾಗಿ 'ಸೇವೆಯ ಅಗತ್ಯ' ಎಂಬುದು ಕಚೇರಿಯಲ್ಲಿ ಅಪರೂಪಕ್ಕೆ ಬರುವ ಕಾರಣವಾದರೆ, ದವಾಖಾನೆಯಲ್ಲಿ ವರ್ಷದ 365 ದಿನವೂ ಇರುವ ಕಾರಣ. ಒಂದೇ ನಿಯಮ ಎರಡು ಕಡೆ ಎರಡು ಬಗೆಯಾಗಿ ಕೆಲಸ ಮಾಡಿತು. ಬರೆದವರ ಕಣ್ಣೆದುರು ಇದ್ದದ್ದು ಕಚೇರಿ.

ಇನ್ನೊಂದು ಊಹೆಯೂ ಆ ಕಾಲದಲ್ಲಿತ್ತು. ಮಿಷನ್ ಆಸ್ಪತ್ರೆಗಳಿಂದಲೂ ಸೈನ್ಯದ ಆಸ್ಪತ್ರೆಗಳಿಂದಲೂ ಬಂದ ಊಹೆ ಅದು: ನರ್ಸ್ ಎಂದರೆ ಮದುವೆಯಾಗದ, ಆಸ್ಪತ್ರೆಯ ಆವರಣದ ಹಾಸ್ಟೆಲಿನಲ್ಲೇ ಇರುವ, ಕರೆದಾಗ ಸಿಗುವ ಹೆಂಗಸು. ಸೈನ್ಯದ ನರ್ಸಿಂಗ್ ಸೇವೆಯಲ್ಲಿ ಮದುವೆಯನ್ನೇ ಕೆಲಸದಿಂದ ತೆಗೆಯಲು ಕಾರಣವಾಗಿಸಿದ್ದ 1977ರ ಆದೇಶವೊಂದು 1995ರವರೆಗೂ ಇತ್ತು. ಅದರಡಿ 1988ರಲ್ಲಿ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರುವರಿಯಲ್ಲಿ. ಮನೆಯೇ ಇಲ್ಲದವಳೆಂದು ಭಾವಿಸಿದವಳಿಗೆ ಮನೆಗೆ ಹೋಗುವ ರಜೆಯ ಲೆಕ್ಕ ಯಾರು ಹಾಕುತ್ತಾರೆ?

ಚಿಮಣಿಯ ಕೆಳಗಿನ ಕಾಯ್ದೆ

ಈಗ ದೇವಸುಗೂರಿಗೆ ಬರೋಣ. ಕೃಷ್ಣೆಯ ದಂಡೆಯ ಈ ಊರು ಹಿಂದಿನಿಂದ ಹೆಸರಾದದ್ದು ಸೂಗೂರೇಶ್ವರನ ಗುಡಿಯಿಂದ, ಹೈದರಾಬಾದ್ ದಾರಿಯ ನಿಜಾಮರ ಕಾಲದ ಸೇತುವೆಯಿಂದ. 1985ರಲ್ಲಿ ಪಕ್ಕದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಇಂದು ಅಲ್ಲಿ 210 ಮೆಗಾವಾಟ್‌ನ ಏಳು, 250 ಮೆಗಾವಾಟ್‌ನ ಒಂದು, ಒಟ್ಟು 1,720 ಮೆಗಾವಾಟ್‌ನ ಎಂಟು ಘಟಕಗಳಿವೆ. ಅದೂ ಆಸ್ಪತ್ರೆಯಂತೆ ಹಗಲು ರಾತ್ರಿ ನಡೆಯುವ ಜಾಗ, ಅಲ್ಲೂ ಮೂರು ಪಾಳಿ. ಕರೆಂಟು ಕೂಡ ಸೋಮವಾರದವರೆಗೆ ಕಾಯುವುದಿಲ್ಲ.

ಅಲ್ಲಿ ಯಂತ್ರಗಳಿಗೂ ರಜೆ ಉಂಟು. ಯಾವ ಘಟಕವನ್ನು ಯಾವಾಗ ನಿಲ್ಲಿಸಿ ಬಾಯ್ಲರು, ಟರ್ಬೈನು ಬಿಚ್ಚಿ ದುರಸ್ತಿ ಮಾಡಬೇಕೆಂದು ಮೊದಲೇ ಯೋಜನೆ ಹಾಕುತ್ತಾರೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ, ಸರದಿಯ ಮೇಲೆ ನಿಲ್ಲಿಸುತ್ತಾರೆ. ನಿಲ್ಲಿಸದೆ ಓಡಿಸುತ್ತಲೇ ಇದ್ದರೆ ಒಂದು ದಿನ ತಾನಾಗಿಯೇ ನಿಲ್ಲುತ್ತದೆ ಎಂಬುದು ಎಂಜಿನಿಯರುಗಳಿಗೆ ಗೊತ್ತು.

ಅಲ್ಲಿ ದುಡಿಯುವವರ ರಜೆಗೆ ಬೇರೆಯದೇ ವಂಶಾವಳಿ. 1945ರ ತಿದ್ದುಪಡಿಯಿಂದ ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾರ್ಮಿಕರಿಗೆ ಮೊದಲ ಬಾರಿ ಕಾಯ್ದೆಯ ಮೂಲಕ ಸಂಬಳಸಹಿತ ರಜೆ ಬಂತು. ನಿಜಾಮರ ಸಂಸ್ಥಾನದ ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಾಡುತ್ತಿದ್ದವರಿಗೆ ಅದು ಅನ್ವಯಿಸುವಂತಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ವಶಕ್ಕೆ ಬಂತು. ಆರು ದಿನಗಳ ಬಳಿಕ, ಸೆಪ್ಟೆಂಬರ್ 23ರಂದು, ಹೊಸ ಕಾರ್ಖಾನೆಗಳ ಕಾಯ್ದೆಗೆ ಅಂಕಿತ ಬಿತ್ತು. ವಿದ್ಯುತ್ ಉತ್ಪಾದನೆಯೂ ಆ ಕಾಯ್ದೆಯ ಪ್ರಕಾರ 'ತಯಾರಿಕಾ ಪ್ರಕ್ರಿಯೆ'ಯೇ.

ಆ ಕಾಯ್ದೆಯ 79ನೆಯ ಕಲಂ ನಿಧಾನವಾಗಿ ಓದಬೇಕಾದದ್ದು. ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ರಜೆ. ಕನಿಷ್ಠ 15 ದಿನ ಮೊದಲು ಅರ್ಜಿ ಕೊಡಬೇಕು. ಕಾಯಿಲೆಗೆ ಆ ಕಟ್ಟು ಇಲ್ಲ. ಕೆಲಸ ನಿಲ್ಲಬಾರದೆಂದಿದ್ದರೆ ಆಡಳಿತ ಮಂಡಳಿ ಕಾರ್ಮಿಕರ ಸಮಿತಿಯ ಜೊತೆ ಕೂತು, ರಜೆ ಹಂಚುವ ಯೋಜನೆಯೊಂದನ್ನು ಬರವಣಿಗೆಯಲ್ಲಿ ಮಾಡಿ ಕಾರ್ಖಾನೆ ತಪಾಸಣಾಧಿಕಾರಿಗೆ ಕೊಡಬಹುದು. ಆ ಯೋಜನೆಯನ್ನು ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕು. ಕ್ರಮಬದ್ಧ ಅರ್ಜಿಯನ್ನು ಆ ಯೋಜನೆಗೆ ಅನುಗುಣವಾಗಿ ಮಾತ್ರ ನಿರಾಕರಿಸಬಹುದು.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ 30 ದಿನಕ್ಕಿಂತ ಹೆಚ್ಚು ರಜೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಆದರೆ ಕೇಳಿಯೂ ಸಿಗದ ರಜೆಗೆ ಆ ಮಿತಿ ಇಲ್ಲ, ಎಷ್ಟಿದ್ದರೂ ಮುಂದಕ್ಕೆ ಹೋಗುತ್ತದೆ. ಹಾಗಾಗಬೇಕಾದರೆ ನಿರಾಕರಣೆಯನ್ನು ಎಲ್ಲೋ ಬರೆದಿಡಬೇಕು. ಅದಕ್ಕೆಂದೇ ಕಾರ್ಖಾನೆಯ ರಜೆ ರಿಜಿಸ್ಟರಿನಲ್ಲಿ ರಜೆ ನಿರಾಕರಿಸಲಾಯಿತೇ ಎಂದು ಕೇಳುವ ಒಂದು ಕಾಲಂ ಇದೆ.

ಕಾಯ್ದೆಯಲ್ಲಿ ಬರೆದದ್ದೆಲ್ಲ ಗುತ್ತಿಗೆ ಕಾರ್ಮಿಕರ ಕೈಗೆ ಸಲೀಸಾಗಿ ಬಂತೆಂದು ಯಾರೂ ಹೇಳಲಾರರು. ಆದರೂ ಒಂದು ವಿಚಾರ 1948ರಲ್ಲೇ ಸ್ಪಷ್ಟವಾಗಿತ್ತು: ಹಗಲು ರಾತ್ರಿ ನಡೆಯುವ ಕೆಲಸದಲ್ಲಿ ರಜೆಯನ್ನು ನ್ಯಾಯವಾಗಿ ಹಂಚಬೇಕಾದರೆ ಕೊಡುವವರ ಒಳ್ಳೆಯತನವನ್ನು ನೆಚ್ಚಿಕೊಂಡರೆ ಸಾಲದು, ಎಲ್ಲರೂ ಒಪ್ಪಿದ ಬರವಣಿಗೆ ಬೇಕು.

ಆಸ್ಪತ್ರೆ ಉದ್ಯಮವೇ?

ಈ ಬರವಣಿಗೆ ದವಾಖಾನೆಯ ಬಾಗಿಲಿಗೆ ಬರಲಿಲ್ಲ. ರೋಗಿಯ ಆರೈಕೆ ತಯಾರಿಕೆಯಲ್ಲವಾದ್ದರಿಂದ ಆಸ್ಪತ್ರೆ ಕಾರ್ಖಾನೆಯಲ್ಲ. ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳ ನೌಕರರಿಗೆ ರಜೆ ಕೊಡಿಸಲು ಬಂದ 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ರೋಗಿಗಳಿಗೆ ಚಿಕಿತ್ಸೆ, ಆರೈಕೆ ನೀಡುವ ಸಂಸ್ಥೆಗಳನ್ನು ಮೂರನೆಯ ಕಲಮಿನಲ್ಲೇ ಹೊರಗಿಟ್ಟಿತು. ಔಷಧ ಅಂಗಡಿಯ ಹುಡುಗನಿಗೆ ಆ ಕಾಯ್ದೆಯ ರಜೆ ಉಂಟು, ಪಕ್ಕದ ನರ್ಸಿಂಗ್ ಹೋಮಿನ ನರ್ಸ್‌ಗೆ ಇಲ್ಲ.

ಉಳಿದ ದಾರಿ ಕೈಗಾರಿಕಾ ವಿವಾದಗಳ ಕಾಯ್ದೆ. 'ಸಂಬಳಸಹಿತ ರಜೆ ಮತ್ತು ರಜಾದಿನಗಳು' ಆ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲೇ ಇತ್ತು. ನೌಕರರಿಗೆ ನೋಟಿಸು ಕೊಡದೆ ಮಾಲೀಕರು ಅದನ್ನು ಬದಲಿಸುವಂತಿರಲಿಲ್ಲ. ಆದರೆ ಮೊದಲು ಆಸ್ಪತ್ರೆ ಒಂದು ಉದ್ಯಮ ಎಂದು ಸಾಬೀತಾಗಬೇಕಿತ್ತು. ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಉಯ್ಯಾಲೆಯಾಡಿತು. 1960ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ವಾರ್ಡ್ ಸೇವಕರ ಪ್ರಕರಣದಲ್ಲಿ ಹೌದು ಎಂದಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಅಲ್ಲ ಎಂದಿತು. 1978ರ ಫೆಬ್ರುವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ಹೌದು ಎಂದಿತು.

ಮೂರನೆಯ ಈ ತೀರ್ಪು ಹುಟ್ಟಿದ್ದು ನಮ್ಮ ರಾಜ್ಯದ ಪ್ರಕರಣದಿಂದ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೂ ಅದರ ನೌಕರರಿಗೂ ನಡುವಿನ ದಂಡ ವಸೂಲಿಯ ಜಗಳ ಅದು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನ ತಿರುಳು ಇಷ್ಟು: ಮಾಲೀಕ ಮತ್ತು ನೌಕರ ಸೇರಿ, ವ್ಯವಸ್ಥಿತವಾಗಿ ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಒದಗಿಸುವ ಕಡೆ ಉದ್ಯಮವಿದೆ, ಲಾಭದ ಉದ್ದೇಶ ಇಲ್ಲದಿದ್ದರೂ ಇದೆ. ನಾಲ್ಕೇ ವರ್ಷದಲ್ಲಿ ಸಂಸತ್ತು ಆಸ್ಪತ್ರೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಡುವ ತಿದ್ದುಪಡಿ ಮಾಡಿತು. ಆ ಭಾಗವನ್ನು ಜಾರಿಗೆ ತರಲೇ ಇಲ್ಲ.

ಅದೇ ಹೊತ್ತಿಗೆ ಜಗತ್ತಿನ ಮಟ್ಟದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲಿ ನರ್ಸಿಂಗ್ ಸಿಬ್ಬಂದಿಗೆಂದೇ 149ನೆಯ ಒಡಂಬಡಿಕೆ ಮಾಡಿತು. ಕೆಲಸದ ಅವಧಿ, ವಾರದ ಬಿಡುವು, ಸಂಬಳಸಹಿತ ವಾರ್ಷಿಕ ರಜೆ, ಹೆರಿಗೆ ರಜೆ, ಕಾಯಿಲೆ ರಜೆ ಇವುಗಳಲ್ಲಿ ನರ್ಸ್‌ಗಳು ದೇಶದ ಉಳಿದ ಕಾರ್ಮಿಕರಿಗಿಂತ ಕಡಿಮೆಯಾಗಬಾರದು ಎಂಬುದು ಅದರ ಆರನೆಯ ಕಲಂ. ಭಾರತ ಅದನ್ನು ಅನುಮೋದಿಸಿಲ್ಲ.

ಹೀಗೆ ಸರ್ಕಾರಿ ನರ್ಸ್ ಗುಮಾಸ್ತರ ನಿಯಮದಡಿ ಉಳಿದರು. ಖಾಸಗಿ ನರ್ಸ್ ಕಾರ್ಖಾನೆಗೂ ಅಂಗಡಿಗೂ ಸೇರದೆ, ಕೋರ್ಟಿಗೆ ಹೋದರೆ ಮಾತ್ರ ತೆರೆಯುವ ಬಾಗಿಲಿನ ಮುಂದೆ ಉಳಿದರು.

ಮೂವತ್ತು ಜನ ಎಲ್ಲಿ?

ನಿಯಮ ಹೇಗೇ ಇರಲಿ, ಜನ ಸಾಕಷ್ಟಿದ್ದರೆ ರಜೆ ಸಿಗುತ್ತದೆ. ಆದ್ದರಿಂದ ನಿಯಮದ ಇತಿಹಾಸದ ಪಕ್ಕದಲ್ಲಿ ಸಂಖ್ಯೆಯ ಇತಿಹಾಸವನ್ನೂ ಇಡಬೇಕು.

1946ರ ಭೋರ್ ಸಮಿತಿಯ ವರದಿ ಕೊಟ್ಟ ಲೆಕ್ಕದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000, ಅಂದರೆ 43,000 ಜನಕ್ಕೆ ಒಬ್ಬರು. ಬ್ರಿಟನ್ನಿನಲ್ಲಿ ಆಗ 300 ಜನಕ್ಕೆ ಒಬ್ಬರಿದ್ದರು. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. 1954ರಲ್ಲಿ ನರ್ಸ್‌ಗಳ ಸೇವಾ ಸ್ಥಿತಿಗತಿ ನೋಡಲು ಎ.ಬಿ. ಶೆಟ್ಟಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. 1987ರಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಬಂತು. 1989ರ ಅದರ ವರದಿ ವಾರಕ್ಕೆ 40 ಗಂಟೆ ಕೆಲಸ ಸಾಕೆಂದಿತು.

ಈ ವರದಿಗಳ ಜೊತೆಗೆ ಬೆಳೆದ ಒಂದು ಪದ 'ರಜೆ ಮೀಸಲು'. ವಾರ್ಡು ನಡೆಸಲು 100 ನರ್ಸ್ ಬೇಕಾದರೆ ನೇಮಿಸಬೇಕಾದದ್ದು 130, ಏಕೆಂದರೆ ಯಾರಾದರೊಬ್ಬರು ಯಾವಾಗಲೂ ರಜೆಯಲ್ಲಿರುತ್ತಾರೆ. ನರ್ಸಿಂಗ್ ಪರಿಷತ್ತಿನ ಮಾನದಂಡ ಈ ಶೇ 30ನ್ನು ಬರೆದಿಟ್ಟಿದೆ. ಹುದ್ದೆ ಕಡಿತಕ್ಕೆ ಹೆಸರಾದ ಕೇಂದ್ರ ಹಣಕಾಸು ಸಚಿವಾಲಯದ ಸಿಬ್ಬಂದಿ ತಪಾಸಣಾ ಘಟಕವೂ 1991-92ರಲ್ಲಿ, ವಾರದ ಬಿಡುವು ಮತ್ತು ರಜೆ ಎರಡನ್ನೂ ಲೆಕ್ಕ ಹಿಡಿದು, ಶೇ 45 ಹುದ್ದೆ ಹೆಚ್ಚಿಗೆ ಬೇಕೆಂದಿತು.

ಈ ಲೆಕ್ಕವನ್ನು ನಮ್ಮ ಹಳ್ಳಿಗೆ ತರೋಣ. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ, ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಯಾಗುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಗತ್ಯವೆಂದು ಬರೆದ ಸ್ಟಾಫ್ ನರ್ಸ್ ಹುದ್ದೆಗಳು ಮೂರು, ಹೆಚ್ಚು ಹೆರಿಗೆಯ ಕಡೆ ನಾಲ್ಕು. ಮೂರು ಪಾಳಿಗೆ ಮೂವರು ಎಂದರೆ ಸರಿಯಾಗಿಯೇ ಕಾಣುತ್ತದೆ. ಆದರೆ ದಿನಕ್ಕೆ ಮೂರರಂತೆ ವರ್ಷಕ್ಕೆ 1,095 ಪಾಳಿ. ಒಬ್ಬ ಸರ್ಕಾರಿ ನರ್ಸ್‌ಗೆ 52 ವಾರದ ಬಿಡುವು, 30 ದಿನ ಗಳಿಕೆ ರಜೆ, 10 ದಿನ ಸಾಂದರ್ಭಿಕ ರಜೆ ಕಳೆದರೆ ಉಳಿಯುವುದು 273 ದಿನ. ಮೂವರಿಂದ 819 ಪಾಳಿ. ಕೊರತೆ 276.

ಮೂರೂ ಹುದ್ದೆ ಭರ್ತಿಯಾಗಿರುವ, ಯಾರಿಗೂ ಕಾಯಿಲೆ ಬಾರದ, ಯಾರಿಗೂ ಹೆರಿಗೆ ರಜೆ ಬೇಡದ ಆದರ್ಶ ಕೇಂದ್ರದ ಲೆಕ್ಕವಿದು. ಹಬ್ಬದ ಸಾರ್ವತ್ರಿಕ ರಜೆಗಳನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಆ 276 ಪಾಳಿಗಳು ಎಲ್ಲಿಂದ ಬರಬೇಕು? ಒಂದೋ ರಾತ್ರಿ ಕೇಂದ್ರಕ್ಕೆ ಬೀಗ, ಇಲ್ಲವೇ ಇದ್ದವರ ರಜೆ. ಮೂವರಲ್ಲಿ ಒಬ್ಬರು ಊರಿಗೆ ಹೋದರೆ ವಾರದ 168 ಗಂಟೆ ಇಬ್ಬರ ಮೇಲೆ ಬೀಳುತ್ತದೆ, ತಲಾ 84 ಗಂಟೆ. ಮೂವರಿಗೆ ಶೇ 30 ಸೇರಿಸಿ ನೋಡಿ, 3.9 ಬರುತ್ತದೆ. ನಮ್ಮ ಪಾಳಿ ಲೆಕ್ಕದಲ್ಲಿ 1,095ನ್ನು 273ರಿಂದ ಭಾಗಿಸಿದರೆ ನಾಲ್ಕು. ಎರಡು ಲೆಕ್ಕಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ. ನಾಲ್ಕನೆಯವರು ಐಷಾರಾಮಕ್ಕಲ್ಲ, ಉಳಿದ ಮೂವರ ರಜೆಗೆ.

2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಹಿಂದುಳಿದಿರುವಿಕೆಯನ್ನು ನಾವು ರಸ್ತೆ, ಶಾಲೆ, ಹಾಸಿಗೆಗಳಲ್ಲಿ ಎಣಿಸುತ್ತೇವೆ. ಗಬ್ಬೂರು, ಜಾಲಹಳ್ಳಿಯಂಥ ಊರಿಗೆ ವರ್ಗವಾದ ನರ್ಸ್ ಅದನ್ನು ಇನ್ನೊಂದು ಬಗೆಯಲ್ಲಿ ಎಣಿಸುತ್ತಾಳೆ: ತಾನು ರಜೆ ಹಾಕಿದರೆ ಬದಲಿಗೆ ಬರಬಲ್ಲ ಇನ್ನೊಬ್ಬ ನರ್ಸ್ ಎಷ್ಟು ದೂರದಲ್ಲಿದ್ದಾಳೆ?

ಯಾರ ಹಬ್ಬ, ಯಾರ ಪಾಳಿ

ಕೊರತೆ ಇದ್ದಾಗ ರಜೆ ಹಂಚುವ ಕೆಲಸ ವಾರ್ಡ್ ಸಿಸ್ಟರ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟರ ಮೇಲೆ ಬೀಳುತ್ತದೆ. ಹುದ್ದೆ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ, ಇಲ್ಲವೆನ್ನುವ ಕೆಲಸ ಮಾತ್ರ ಅವರದು. ಬೈಗುಳವೂ ಅವರಿಗೇ.

ಹಂಚಿಕೆಗೆ ರೂಢಿಯಲ್ಲಿ ಮೂರು ದಾರಿಗಳಿವೆ. ಹಿರಿತನ ನೋಡಿದರೆ ಹೊಸಬರಿಗೆ ವರ್ಷಗಟ್ಟಲೆ ಹಬ್ಬದ ಮುಖ ಕಾಣುವುದಿಲ್ಲ. ಮೊದಲು ಕೇಳಿದವರಿಗೆ ಕೊಟ್ಟರೆ ಮದುವೆ, ಜಾತ್ರೆಗಳಿಗೆ ಮೊದಲೇ ದಿನಾಂಕ ಗೊತ್ತಿರುವವರಿಗೆ ಅನುಕೂಲ. ತಂದೆಗೆ ಏಕಾಏಕಿ ಹುಷಾರಿಲ್ಲದಾದವಳಿಗೆ ಅಲ್ಲ. ಸರದಿ ನ್ಯಾಯವಾದದ್ದು, ಆದರೆ ಹೋದ ವರ್ಷ ಯಾರು ಹೋಗಿದ್ದರೆಂದು ಯಾರಾದರೂ ಬರೆದಿಟ್ಟಿರಬೇಕು.

ನಾಲ್ಕನೆಯ ದಾರಿಯೊಂದಿದೆ, ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. 'ಅವಳಿಗೆ ಸಣ್ಣ ಕೂಸು ಐತಿ, ನಿನಗೇನು?' ಎಂಬ ಮಾತು. ಮದುವೆಯಾಗದವಳ ರಜೆ ಮೊದಲು ಹೋಗುತ್ತದೆ. ಕೂಸಿದ್ದವಳ ಕಷ್ಟ ನಿಜ. ಆದರೆ ಅದರ ಬೆಲೆಯನ್ನು ಸಂಸ್ಥೆ ತೆರದೆ ಜೊತೆಗಾರ್ತಿಯಿಂದ ತೆರಿಸುವುದು ನ್ಯಾಯವಲ್ಲ. ಹೆರಿಗೆ ರಜೆಯ ಕಾಲಕ್ಕೆ ಬದಲಿ ನರ್ಸ್ ಬಾರದಿದ್ದರೆ, ಕಾಯ್ದೆ ಕೊಟ್ಟ ಹಕ್ಕು ವಾರ್ಡಿನೊಳಗೆ ಹಗೆಯಾಗಿ ತಿರುಗುತ್ತದೆ.

ಹಬ್ಬಗಳದ್ದು ಇನ್ನೊಂದು ಕಥೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲಾದವು. ಕೆಲಸ ನಮ್ಮವರಿಗೆ ಸಿಕ್ಕಿತು, ಒಳ್ಳೆಯದೇ. ಆದರೆ ಎಲ್ಲರೂ ಇದೇ ಸೀಮೆಯವರಾದಾಗ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಆಸೆಯೂ ಎಲ್ಲರಿಗೂ ಒಂದೇ ದಿನ. ಮೊದಲು ಕ್ರಿಸ್‌ಮಸ್‌ಗೆ ಊರಿಗೆ ಹೋಗುವ ಕೇರಳದ ಸಿಸ್ಟರ್, ರಂಜಾನಿಗೆ ರಜೆ ಕೇಳುವ ಸಿಸ್ಟರ್, ಯುಗಾದಿಗೆ ಕೇಳುವ ಸಿಸ್ಟರ್ ತಮ್ಮತಮ್ಮಲ್ಲೇ ಪಾಳಿ ಬದಲಿಸಿಕೊಳ್ಳುವುದು ಸುಲಭವಿತ್ತು. ಬೇರೆಬೇರೆ ಧರ್ಮದವರು ಇರುವ ವಾರ್ಡಿನಲ್ಲಿ ಈ ಕೊಡುಕೊಳ್ಳುವಿಕೆ ಈಗಲೂ ನಡೆಯುತ್ತದೆ. ಅದು ಚೆಂದದ ರೂಢಿ. ಆದರೆ ಯಾರದೋ ಸೌಜನ್ಯದ ಮೇಲೆ ನಿಂತದ್ದು, ಅವಳು ವರ್ಗವಾದರೆ ಮುಗಿಯಿತು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಒಂದೇ ವಾರ್ಡಿನಲ್ಲಿ ಕಾಯಂ ನರ್ಸ್, ಗುತ್ತಿಗೆ ನರ್ಸ್ ಎಂಬ ಎರಡು ಬಗೆಯಾಯಿತು. ಸಮವಸ್ತ್ರ ಒಂದೇ, ಚುಚ್ಚುವ ಸೂಜಿ ಒಂದೇ, ರಜೆಯ ಖಾತೆ ಬೇರೆ. ಗುತ್ತಿಗೆಯವಳಿಗೆ ಒಪ್ಪಂದದಲ್ಲಿ ಬರೆದಷ್ಟೇ ರಜೆ. ನವೀಕರಣದ ಹೆದರಿಕೆಯಲ್ಲಿ ಅದನ್ನೂ ಗಟ್ಟಿಯಾಗಿ ಕೇಳಲು ಹಿಂಜರಿಕೆ. 2023ರ ಫೆಬ್ರುವರಿಯಲ್ಲಿ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಕೇಳಿದ್ದು ಕಾಯಮಾತಿಯನ್ನು. ಆ ಒಂದು ಪದದೊಳಗೆ ರಜೆಯೂ ಇತ್ತು.

ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಡಾ. ಜಗದೀಶ್ ಪ್ರಸಾದ್ ಸಮಿತಿಯಾಯಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಸಲ್ಲದು ಎಂದಿತು. ರಜೆ, ಕೆಲಸದ ಅವಧಿಗಳು ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾಗಿರಬೇಕೆಂದೂ ಹೇಳಿತು. ಸಂಬಳದ ಮಾತು ಸುದ್ದಿಯಾಯಿತು, ರಜೆಯ ಮಾತು ಹಿಂದೆ ಉಳಿಯಿತು. ಸರ್ಕಾರಿ ನರ್ಸ್‌ಗೇ ಹಕ್ಕಲ್ಲದ್ದಕ್ಕೆ ಖಾಸಗಿಯವರು ಸಮನಾದರೆ ಸಿಗುವುದೇನು ಎಂಬ ಪ್ರಶ್ನೆಯೂ ಉಳಿಯಿತು.

ಬರೆಯದೆ ಹೋದದ್ದು

ಸರ್ಕಾರಿ ನರ್ಸ್ ಸಂಬಳ ಕಡಿಮೆಯಾಗದೆ ರಜೆ ಕಳೆದುಕೊಳ್ಳುವ ಬಗೆ ಹೀಗೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಗಳಿಕೆ ರಜೆ ಖಾತೆಗೆ ಬೀಳುತ್ತದೆ. ಖಾತೆಯಲ್ಲಿ ಕೂಡಿಡಬಹುದಾದದ್ದು 300 ದಿನ, ತುಂಬಿದ ಮೇಲೆ ಬಳಸದ್ದು ಬಿದ್ದುಹೋಗುತ್ತದೆ. ಕೂಡಿದ್ದನ್ನು ನಿವೃತ್ತಿಯಲ್ಲಿ ಹಣ ಮಾಡಿಕೊಳ್ಳಬಹುದು. ಇದನ್ನು ಸೌಲಭ್ಯ ಎನ್ನುತ್ತೇವೆ. ಆದರೆ ಮಗಳ ಮೊದಲ ಯುಗಾದಿಯನ್ನು 60ನೆಯ ವಯಸ್ಸಿನಲ್ಲಿ ನಗದು ಮಾಡಿಕೊಳ್ಳಲು ಬರುವುದಿಲ್ಲ. ತುಂಬಿದ ರಜೆ ಖಾತೆಯನ್ನು ನೋಡಿದ ಲೆಕ್ಕಪರಿಶೋಧಕರಿಗೆ ಅದು ನೌಕರಳ ಉಳಿತಾಯದಂತೆ ಕಾಣುತ್ತದೆ. ಇಲಾಖೆಯ ಹುದ್ದೆ ಕೊರತೆಯ ಸಾಕ್ಷಿಯಾಗಿ ಕಾಣುವುದಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಆರೋಗ್ಯ ಇಲಾಖೆಯ ಸಿಬ್ಬಂದಿಯ ರಜೆಗಳು ರದ್ದಾದವು. ಯಾರೂ ತಕರಾರು ತೆಗೆಯಲಿಲ್ಲ, ತೆಗೆಯುವ ಕಾಲವೂ ಅದಲ್ಲ. 1922ರ ನಿಯಮ ಬರೆದವರು ಇಂಥ ಹೊತ್ತಿಗೇ ಆ ಅಧಿಕಾರ ಇಟ್ಟಿರಬೇಕು. ಕಷ್ಟವೆಂದರೆ, ಮಹಾಮಾರಿಗೆ ಬಳಸುವ ಅದೇ ಅಧಿಕಾರವನ್ನು ಖಾಲಿ ಹುದ್ದೆ ಮುಚ್ಚಲೂ ಬಳಸಬಹುದು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತೋರಿಸುವ ಕಾಗದ ಇಲ್ಲ.

ಈ ಇತಿಹಾಸ ಬರೆಯಲು ಕೂತವರಿಗೆ ಎದುರಾಗುವ ಗೋಡೆಯೂ ಅದೇ. ಮಂಜೂರಾದ ರಜೆಗೆ ಆದೇಶವಿದೆ, ಸೇವಾ ಪುಸ್ತಕದಲ್ಲಿ ನಮೂದಿದೆ. ಮಂಜೂರಾಗದ ರಜೆ ಬಹುತೇಕ ಬಾಯಿಮಾತಿನಲ್ಲೇ ಮುಗಿಯುತ್ತದೆ. 'ಈಗ ಆಗಲ್ಲ ಸಿಸ್ಟರ್, ಮುಂದಿನ ತಿಂಗಳು ನೋಡೋಣ.' ಅರ್ಜಿಯನ್ನು ಕೈಗೇ ವಾಪಸು ಕೊಡುತ್ತಾರೆ. ಎಷ್ಟೋ ಸಲ ಅರ್ಜಿ ಬರೆಯುವ ಮೊದಲೇ ಉತ್ತರ ಗೊತ್ತಿರುತ್ತದೆ. ಹೀಗೆ ಹೋದ ದಿನಗಳಿಗೆ ದಾಖಲೆಯಿಲ್ಲ. ದಾಖಲೆಯಿಲ್ಲದ್ದಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದು ಬಜೆಟ್ಟಿಗೆ ಹೋಗುವುದಿಲ್ಲ. ಆ 276 ಪಾಳಿಗಳ ಕೊರತೆ ಮೇಲಿನವರಿಗೆ ಕಾಣದೆ, ಇಬ್ಬರು ಜೊತೆಗಾರ್ತಿಯರ ಮುನಿಸಾಗಿ ಮಾತ್ರ ಕಾಣುವುದು ಹೀಗೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಹಳೆಯ ಕಾರ್ಖಾನೆ ಕಾಯ್ದೆ ಸೇರಿಹೋಯಿತು. ರಜೆಗೆ ಬೇಕಾದ 240 ದಿನದ ದುಡಿಮೆ 180ಕ್ಕೆ ಇಳಿಯಿತು. ಅದರ ಮಾತು ಈಗ ಕಾರ್ಖಾನೆಯ ಗೇಟಿಗೆ ನಿಲ್ಲದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕೊಡದ ರಜೆ ಮಿತಿಯಿಲ್ಲದೆ ಮುಂದಕ್ಕೆ ಹೋಗುತ್ತದೆ ಎಂಬ ಮಾತು ಅಲ್ಲೂ ಉಳಿದಿದೆ. ರಾಯಚೂರಿನ ನರ್ಸಿಂಗ್ ಹೋಮುಗಳ ನರ್ಸ್‌ಗಳಿಗೆ ಇದು ಎಷ್ಟು ಮುಟ್ಟುತ್ತದೆಂಬುದು ಯಾರಾದರೊಬ್ಬರು ಕೇಳಿದ ದಿನ ಗೊತ್ತಾಗುತ್ತದೆ. ಸರ್ಕಾರಿ ನರ್ಸ್‌ಗಳ ರಜೆ ಮಾತ್ರ ಇನ್ನೂ ಸೇವಾ ನಿಯಮಗಳಲ್ಲೇ ಇದೆ.

ದವಾಖಾನೆಯ ಸುದ್ದಿಗೆ ಹೋದಾಗ ನಾವು ಕೇಳುವುದು ವೈದ್ಯರಿದ್ದಾರಾ, ಔಷಧ ಇದೆಯಾ, ಆಂಬುಲೆನ್ಸ್ ಬರುತ್ತದಾ ಎಂದು. ಇನ್ನು ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳಬಹುದು. ಇಲ್ಲಿನ ಮಂಜೂರಾದ ನರ್ಸ್ ಹುದ್ದೆಗಳಲ್ಲಿ ರಜೆ ಮೀಸಲು ಸೇರಿದೆಯೇ? ಹಬ್ಬದ ರಜೆಯ ಸರದಿಯನ್ನು ಗೋಡೆಗೆ ಹಚ್ಚಿದ್ದೀರಾ? ಹೋದ ವರ್ಷ ನಿರಾಕರಿಸಿದ ರಜೆಗಳು ಎಷ್ಟು? ಮೊದಲನೆಯದಕ್ಕೆ ಜಿಲ್ಲಾ ಕಚೇರಿ ಉತ್ತರಿಸಬೇಕು, ಎರಡನೆಯದಕ್ಕೆ ದವಾಖಾನೆ. ಮೂರನೆಯದಕ್ಕೆ ಸದ್ಯ ಯಾರಿಂದಲೂ ಉತ್ತರ ಬರಲಾರದು, ಬರೆದಿಟ್ಟಿರುವುದಿಲ್ಲ.

ಅದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ. ಇರುವ ರಜೆ ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಕೇಳಿದ ದಿನ, ಕೊಡದ ಕಾರಣ, ಸಹಿ ಇಷ್ಟು ಬರೆದರೆ ಸಾಕು. 'ಸಿಬ್ಬಂದಿ ಕೊರತೆ' ಎಂಬ ಕಾರಣ ವರ್ಷದಲ್ಲಿ ಎಷ್ಟು ಸಲ ಬಂತೆಂದು ಎಣಿಸಿದರೆ, ನಾಲ್ಕನೆಯ ನರ್ಸ್‌ಗೆ ಬೇಕಾದ ಪ್ರಸ್ತಾವನೆ ಅಲ್ಲೇ ತಯಾರಾಗಿರುತ್ತದೆ. ದೇವಸುಗೂರಿನಲ್ಲಿ ರಸ್ತೆಯ ಒಂದು ಬದಿಗೆ ಆ ಕಾಲಂ ಬಂದು ನಲವತ್ತು ವರ್ಷವಾಯಿತು. ಇನ್ನೊಂದು ಬದಿಗೆ ಅದು ಬರಬೇಕಿದೆ.